ಹದಿಮೂರು ಮೊಳದ ಪಂಖಾ

ತಿಕೋಟಾದಲ್ಲಿ ಕಡಲೆ ಹುರಿದು ಪುಠಾಣಿ ಮಾಡುವ ಭಟ್ಟಿಯ ಗುರಲಿಂಗಪ್ಪನಿಗೆ ಬಬಲೇಶ್ವರದ ಮಾವನ ಮೇಲೆ ಬಂದ ಸಿಟ್ಟು ಇನ್ನೂ ಆರಿಲ್ಲ. ಮಾವ ಭಾಗಪ್ಪ ಮಣ್ಣು ಸೇರಿ ಎಷ್ಟೋ ವರ್ಷವಾಯಿತು. ಆದರೇನು, ಅವನು ಆಡಿದ ಮಾತು ಮಣ್ಣು ಸೇರಿಲ್ಲವಲ್ಲ. ಹತ್ತು ಮಂದಿ ಕೂತ ಕಟ್ಟೆಯ ಮೇಲೆ, ಬಿಸಿಲಲ್ಲಿ ಬಂದ ಅಳಿಯನಿಗೆ ಒಂದು ತಂಬಿಗೆ ನೀರು ಕೊಡುವ ಮೊದಲೇ, ಆ ಮನುಷ್ಯ ಹೀಗೆ ಅಂದಿದ್ದ:

“ಅಳ್ಯಾರ, ನಾವು ಮಗಳನ್ನ ಕೊಟ್ಟಿದ್ದು ಸಂಸಾರ ಮಾಡಾಕ. ಹುರಿಯಾಕಲ್ಲ.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅದನ್ನಾದರೂ ಗುರಲಿಂಗಪ್ಪ ನುಂಗಿಕೊಳ್ಳುತ್ತಿದ್ದ. ಆದರೆ ಅತ್ತೆ ಹುಲಿಗೆವ್ವ ಬಾಗಿಲಲ್ಲಿ ನಿಂತು ನಕ್ಕಳು, ನಗುವಾಗ ಅವಳ ಬಾಯಿ ತುಂಬ ಪುಠಾಣಿ ಇತ್ತು. ಅವನೇ ತಂದ ಪುಠಾಣಿ! ಕೈಯಾರೆ ಹುರಿದು, ಸಿಪ್ಪೆ ಕೇರಿ, ಹೊಸ ಅರಿವೆಯಲ್ಲಿ ಗಂಟು ಕಟ್ಟಿ, ಸುಡುವ ಬಿಸಿಲಲ್ಲಿ ಚಕ್ಕಡಿ ಹೂಡಿಕೊಂಡು ತಂದದ್ದು. ತಂದವನ ಪುಠಾಣಿಯನ್ನೇ ಅಗಿಯುತ್ತ ತಂದವನ ಮುಖಕ್ಕೇ ನಗುವುದೆಂದರೆ ಹೇಳಿ, ಇದು ಮನುಷ್ಯರು ಮಾಡುವ ಕೆಲಸವೇ? ಯಾವ ಊರಿನ ಪಂಚರ ಮುಂದೆ ಬೇಕಾದರೂ ಇಡಲಿ, ಈ ಒಂದು ವಿಷಯದಲ್ಲಿ ನ್ಯಾಯ ಗುರಲಿಂಗಪ್ಪನ ಕಡೆಗೇ ಇದೆ.

ಆ ಮಾತು ಯಾಕೆ ಬಂತು ಎನ್ನುವುದನ್ನೂ ಹೇಳಬೇಕಾಗುತ್ತದೆ.

ದೊಡ್ಡ ಯುದ್ಧ ಮುಗಿದ ಮರುವರ್ಷದ ಬೇಸಿಗೆ ಅದು. ಗುರಲಿಂಗಪ್ಪ ಸ್ವಲ್ಪ ಮೊದಲು ತಿಕೋಟಾದ ಪೇಟೆಯ ಹಿಂದಿನ ಓಣಿಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಕಲ್ಲಿನ ಗೋಡೆ, ಮೇಲೆ ಸೂರಿಗೆ ಮಣ್ಣಿನ ಮಾಳಿಗೆ, ಆನೆ ಒರಗಿದರೂ ಅಲುಗದ ಮನೆ. ಆದರೆ ಅದಕ್ಕಿದ್ದದ್ದು ಒಂದೇ ಬಾಗಿಲು, ಅದೂ ಪಡುವಣಕ್ಕೆ. ಉಳಿದ ಮೂರು ಕಡೆ ಮಗ್ಗುಲ ಮನೆಗಳ ಗೋಡೆ. ಮಾಳಿಗೆ ಹಾಕುವಾಗ ಗೌಂಡಿ ಹಸನಸಾಬ, “ನಡುವ ಒಂದು ಬೆಳಕಿಂಡಿ ಬಿಡ್ತೇನ್ರಿ, ಎಲ್ಲಾರ ಮನ್ಯಾಗೂ ಇರ್ತೈತಿ” ಎಂದು ಕೇಳಿದ್ದ. ಗುರಲಿಂಗಪ್ಪ ಹೌಹಾರಿದ. ಹಿಂದೊಮ್ಮೆ ಅವನ ಭಟ್ಟಿಯ ಹೊಗೆಕಿಂಡಿಯಿಂದ ಮಳೆ ಇಳಿದು ಚೀಲಗಟ್ಟಲೆ ಕಡಲೆ ಮೊಳಕೆಯೊಡೆದಿತ್ತು. ಮೊಳಕೆ ಬಂದ ಕಡಲೆಯನ್ನು ಯಾರು ಪುಠಾಣಿ ಮಾಡುತ್ತಾರೆ? ಅಂದಿನಿಂದ ಮೇಲೆ ಕಾಣುವ ಯಾವ ತೂತಿನ ಮೇಲೂ ಅವನಿಗೆ ವೈರ.

“ನನ್ನ ಮನ್ಯಾಗ ಮ್ಯಾಲ ಒಂದ ತೂತು ಕಂಡ್ರ, ನಿನ್ನನ್ನ ಅದರಾಗಿಂದ ಕೆಳಗ ಇಳಸ್ತೀನಿ ನೋಡು” ಎಂದು ಗದರಿದ. ಹಸನಸಾಬ ಇಡೀ ಮಾಳಿಗೆಯನ್ನು ಮಣ್ಣು ಮೆತ್ತಿ ಮುಚ್ಚಿ ಹೋದ.

ಮನೆ ಕಾಯಿತು. ಹೇಗೆ ಕಾಯಿತೆಂದರೆ, ಮಧ್ಯಾಹ್ನ ಗೋಡೆಗೆ ಬೆನ್ನು ಕೊಟ್ಟು ಕೂತವರು ಬೆನ್ನು ಉಜ್ಜಿಕೊಳ್ಳುತ್ತ ಏಳುತ್ತಿದ್ದರು. ಆದರೆ ಇದು ಗುರಲಿಂಗಪ್ಪನಿಗೆ ತಿಳಿಯುವ ಹಾಗೆಯೇ ಇರಲಿಲ್ಲ. ಅವನು ಬೆಳಗಿನಿಂದ ಭಟ್ಟಿಯ ಬಾಯಿಗೆ ಮುಖ ಕೊಟ್ಟು ನಿಲ್ಲುವವನು. ಕೆಳಗೆ ಹತ್ತಿಕಟ್ಟಿಗೆಯ ಉರಿ, ಮೇಲೆ ಕಡಾಯಿಯಲ್ಲಿ ಕೆಂಪಗೆ ಕಾದ ಉಸುಕು, ಉಸುಕಿನಲ್ಲಿ ಸಿಡಿಯುವ ಕಡಲೆ. ಅಲ್ಲಿಂದ ಹೊರಗೆ ಬಂದರೆ ತಿಕೋಟಾದ ನಡು ಮಧ್ಯಾಹ್ನದ ಬಿಸಿಲು ಅವನಿಗೆ ಹೊಳೆದಂಡೆಯ ಗಾಳಿ. ಮನೆಯೊಳಗೆ ಕಾಲಿಟ್ಟರಂತೂ ರುಮಾಲು ತೆಗೆದು ಗೂಟಕ್ಕೆ ಹಾಕಿ, ಕಣ್ಣು ಮುಚ್ಚಿ, “ಆಹಾ! ಏನ್ ತಂಪ ಐತೆಲ್ಲ ನಮ್ಮ ಮನಿ!” ಅನ್ನುತ್ತಿದ್ದ. ಸುಳ್ಳಲ್ಲ, ಕುಚೇಷ್ಟೆಯಲ್ಲ, ನಿಜವಾಗಿಯೂ ಅವನಿಗೆ ಹಾಗೇ ಅನಿಸುತ್ತಿತ್ತು.

ಅವನ ಹೆಂಡತಿ ಮುರಿಗೆವ್ವ ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ ನೋಡಿದಳು. ಮಾಳಿಗೆಯ ಮೇಲೆ ಬೇವಿನ ತಪ್ಪಲು ಹರವಿ ನೋಡಿದಳು. ಕಡೆಗೆ ನೀರಿನ ಹರವಿಯನ್ನು ತಬ್ಬಿಕೊಂಡು ಅದಕ್ಕೆ ಕೆನ್ನೆ ಹಚ್ಚಿ ಕೂರತೊಡಗಿದಳು. ಗಂಡ ಬಂದು ಅದನ್ನು ಕಂಡು, “ಹರವಿ ಕೂಡ ಏನ್ ಮಾತಾಡಾಕತ್ತಿ?” ಎಂದು ನಕ್ಕ. ಅವಳು ಅದನ್ನೂ ತಡೆದುಕೊಂಡಳು.

ತಡೆಯಲಾಗದ ಮಾತು ಒಂದು ಮಧ್ಯಾಹ್ನ ಬಂತು. ಗುರಲಿಂಗಪ್ಪ ಉಂಡು ಅಡ್ಡಾಗಿ, ಕೈಕಾಲು ಮುದುಡಿಕೊಂಡು ಹೇಳಿದ: “ಏ ಇವಳ, ಒಂದು ಕೌದಿ ಕೊಡ. ಮೈ ಯಾಕೋ ಚಳಿ ಚಳಿ ಅಂತೈತಿ.”

ಮುರಿಗೆವ್ವ ಎದ್ದಳು. ಕೌದಿ ತಂದು ಹೊದಿಸಿದಳು. ಕೂಸಿಗೆ ಹೊದಿಸಿದ ಹಾಗೆ ನಾಲ್ಕೂ ಕಡೆ ಒತ್ತಿದಳು. ಆಮೇಲೆ ಮನೆಯಲ್ಲಿದ್ದ ಉಳಿದ ಕೌದಿಗಳನ್ನೆಲ್ಲ ಒಂದರ ಮೇಲೊಂದು ಅವನ ಮೇಲೆ ಒಟ್ಟಿದಳು. ತನ್ನ ಸೀರೆಯ ಗಂಟು ಕಂಕುಳಲ್ಲಿಟ್ಟುಕೊಂಡು ಹೊರಬಿದ್ದು, ಬಬಲೇಶ್ವರದ ಕಡೆ ಹೊರಟಿದ್ದ ಚಕ್ಕಡಿ ಹತ್ತಿದಳು. ಗುರಲಿಂಗಪ್ಪ ಸಂಜೆಯವರೆಗೆ ಸುಖವಾಗಿ ಮಲಗಿದ್ದು ಎದ್ದು, “ಚಾ ಆತೇನ?” ಎಂದು ಕೇಳಿದ. ಹರವಿ ಉತ್ತರ ಕೊಡಲಿಲ್ಲ.

ಕರೆತರಲು ಹೋದಾಗಲೇ ಆ ‘ಹುರಿಯಾಕಲ್ಲ’ ಮಾತು. ನಗೆ ಮುಗಿದ ಮೇಲೆ ಭಾಗಪ್ಪ ಒಂದು ಕರಾರನ್ನೂ ಹಾಕಿದ. ಭಾಗಪ್ಪನ ಮಧ್ಯಾಹ್ನದ ನಿದ್ದೆ ಬಬಲೇಶ್ವರದಲ್ಲಿ ಹೆಸರುವಾಸಿ. ಆ ನಿದ್ದೆ ತಪ್ಪಿದ ದಿನ ಎತ್ತುಗಳೂ ಅವನ ಹತ್ತಿರ ಸುಳಿಯುತ್ತಿರಲಿಲ್ಲ.

“ಬರೂ ಸೋಮವಾರ ಮಗಳನ್ನ ಕರಕೊಂಡು ನಿಮ್ಮ ಮನೀಗೆ ಬರ್ತೇನಿ” ಎಂದ ಭಾಗಪ್ಪ. “ಹೊಟ್ಟಿ ತುಂಬ ಉಣ್ಣತೇನಿ, ಅಲ್ಲೇ ಮಲಗತೇನಿ. ನಿದ್ದಿ ಹತ್ತಿದ್ರ ಮಗಳನ್ನ ಬಿಟ್ಟು ಬರ್ತೇನಿ. ಹತ್ತಲಿಲ್ಲಂದ್ರ ಹೊಳ್ಳಿ ಕರಕೊಂಡು ಬರ್ತೇನಿ. ಮಳಿ ಬೀಳೂ ತನಕ ಈ ಕಡೆ ಮಾರಿ ತೋರಿಸಬ್ಯಾಡ್ರಿ.”

ಗುರಲಿಂಗಪ್ಪ ಕದದ ಸಂದಿಯ ಕಡೆ ನೋಡಿದ. ಮುರಿಗೆವ್ವನ ಬಳೆ ಸಪ್ಪಳ ಕೇಳಿತು. “ಏನ, ನೀನೂ ಹಿಂಗ ಅಂತೀಯೇನು?”

“ಅಪ್ಪ ಅಂದಿದ್ದು ಖರೇನ ಐತ್ರಿ” ಎಂದು ಬಳೆ ಸಪ್ಪಳದ ಹಿಂದಿನಿಂದ ಧ್ವನಿ ಬಂತು.

ಅವನು ಸಿಟ್ಟಿನಲ್ಲಿ ನೀರೂ ಕುಡಿಯದೆ ಚಕ್ಕಡಿ ಹೊಡೆದ. ಆದರೆ ಮನೆಗೆ ಬಂದು ಬಾಗಿಲು ತೆರೆದಾಗ ಒಲೆಯಲ್ಲಿ ಬೂದಿ ಇತ್ತು. ಪುಠಾಣಿ ತಿಂದು ನೀರು ಕುಡಿದು ಮಲಗಿದ. ಮರುದಿನವೂ ಪುಠಾಣಿ, ಅದರ ಮರುದಿನವೂ. ಮನೆ ಈಗ ನಿಜವಾಗಿಯೂ ತಣ್ಣಗಿತ್ತು, ಆ ತಂಪು ಅವನಿಗೆ ಹಿಡಿಸಲಿಲ್ಲ. ಇದನ್ನು ಅವನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳುವವನಲ್ಲ. ಬದಲಿಗೆ ಎತ್ತು ಹೂಡಿ ವಿಜಾಪುರಕ್ಕೆ ಹೊರಟ.

ಸೊಲ್ಲಾಪುರ ರಸ್ತೆಯಲ್ಲಿ ಅಮೀನಸಾಬ ಎಂಬವನ ಹಳೆ ಸಾಮಾನಿನ ಅಂಗಡಿ ಇತ್ತು. ಸಾಹೇಬರು ಊರು ಬಿಟ್ಟು ಹೋಗುವಾಗ ಮಾರಿದ ಖುರ್ಚಿ, ಕನ್ನಡಿ, ಕಾಲು ಮುರಿದ ಮೇಜು ಎಲ್ಲ ಅಲ್ಲಿಗೇ ಬಂದು ಬೀಳುತ್ತಿದ್ದವು.

“ಏನ ಬೇಕಾಗಿತ್ರಿ?”

“ಮನಿ ತಂಪ ಮಾಡೂದು.”

“ಮನಿ ಎಷ್ಟು ದೊಡ್ಡದೈತ್ರಿ?”

“ದೊಡ್ಡದಿರ್ಲಿ ಸಣ್ಣದಿರ್ಲಿ, ನಿನಗ್ಯಾಕ ಬೇಕು?”

“ಹಂಗಲ್ರಿ ಯಜಮಾನ್ರ. ಅಂಗಿ ಹೊಲಿಯೂ ಮುಂದ ದರ್ಜಿ ಮೈ ಅಳಿತಾನಿಲ್ಲೋ? ಹಂಗ ಇದಕ್ಕೂ ಅಳತಿ ಬೇಕು. ಉದ್ದ ಎಷ್ಟು, ಎತ್ತರ ಎಷ್ಟು, ಕಿಡಕಿ ಎಷ್ಟು?”

“ಕಿಡಕಿ ಇಲ್ಲ.”

“ಒಂದೂ?”

“ಒಂದೂ.”

“ಬೆಳಕಿಂಡಿ?”

“ಇಲ್ಲ ಅಂದ್ನಲ್ಲ!”

ಅಮೀನಸಾಬ ಗಡ್ಡ ಕೆರೆದುಕೊಂಡ. “ಅದು ಮನಿನೋ ಹಗೇವೋ? ಒಳಗ ಮಂದಿ ಇರ್ತಾರೇನ್ರಿ, ಜ್ವಾಳ ತುಂಬೀರೇನು?”

ನೆಲದೊಳಗೆ ಕಾಳು ಹೂಳುವ ಗುಂಡಿಗೆ ತನ್ನ ಮನೆಯನ್ನು ಹೋಲಿಸಿದ್ದಕ್ಕೆ ಗುರಲಿಂಗಪ್ಪನ ಮೀಸೆ ನೆಟ್ಟಗಾಯಿತು. ಅಮೀನಸಾಬ ಮೆಲ್ಲಗೆ ಒಂದು ಬೀಸಣಿಗೆ ತೋರಿಸಿದ. ಆಮೇಲೆ ಲಾವಂಚದ ಬೇರಿನ ತಟ್ಟಿಯೊಂದನ್ನು ಎಳೆದು ತಂದು, ಇದನ್ನು ಬಾಗಿಲಿಗೆ ಕಟ್ಟಿ ನೀರು ಹೊಡೆದರೆ ಸಣ್ಣ ಮನೆಗೆ ಸಾಕು ಎಂದ.

“ನಮ್ಮ ಮಾವ ಹತ್ತು ಮಂದಿ ಮುಂದ ಮಾತು ಅಂದಾನ. ಅದಕ್ಕ ಈ ಕಸಬರಗಿ ಕಟ್ಟಲೇನು ನಾನು?”

“ಯಜಮಾನ್ರ, ಮನಿ ಅಳತಿ ಕೇಳಿದ್ರ ಮಾವನ ಮಾತಿನ ಅಳತಿ ಹೇಳಾಕತ್ತೀರಲ್ಲ!”

ಆಗಲೇ ಗುರಲಿಂಗಪ್ಪನಿಗೆ ಹಿತ್ತಲಲ್ಲಿ ಅಡ್ಡ ಬಿದ್ದಿದ್ದ ಅದು ಕಂಡಿತು. ಉದ್ದನೆಯ ಸಾಗವಾನಿ ತೊಲೆ, ಅದರ ಉದ್ದಕ್ಕೂ ನೆರಿಗೆ ಹಿಡಿದ ಬಿಳಿ ಬಟ್ಟೆ, ಎಳೆಯಲು ಹಗ್ಗ, ಹಗ್ಗಕ್ಕೆ ಹಿತ್ತಾಳೆಯ ಗಾಲಿ. ಮೇಲೆ ಕೋಳಿ ಕೂತಿದ್ದವು, ಕೆಳಗೆ ಒಂದು ಆಡು ಬಟ್ಟೆಯ ನೆರಳಲ್ಲಿ ಮೆಲುಕು ಹಾಕುತ್ತಿತ್ತು.

“ಅದೇನು?”

“ಅದು ಪಂಖಾ. ಅದು ನಿಮಗಲ್ರಿ. ನಲವತ್ತು ಮಂದಿ ಸಾಹೇಬ್ರು ಕುಂತು ಊಟ ಮಾಡೂ ಬಂಗಲಾದ್ದು. ಹದಿಮೂರು ಮೊಳ ಉದ್ದ ಐತಿ.”

“ನನಗಲ್ಲ ಅಂತ ಹೇಳಾಕ ನೀ ಯಾರು?”

“ನಿಮ್ಮ ಮನ್ಯಾಗ ಹಿಡಿಯೂದಿಲ್ರಿ! ಸಣ್ಣ ಮನಿಗೆ ದೊಡ್ಡ ಪಂಖಾ ಹಾಕಬಾರದು. ಹಾಕಿದ್ರ ಮ್ಯಾಲಿನ ಧಗಿ ಕೆಳಗ ಬರ್ತೈತಿ, ಅಷ್ಟ.”

ಬೇಡ ಎಂದಷ್ಟೂ ಅವನಿಗೆ ಅದೇ ಬೇಕಾಯಿತು. ಕೊನೆಗೆ ಅಮೀನಸಾಬ ಕೋಳಿಗಳನ್ನು ಎಬ್ಬಿಸಿ, ಆಡನ್ನು ಬೇರೆ ಗೂಟಕ್ಕೆ ಕಟ್ಟಿ, ದಾರಿಯಲ್ಲಿ ಹೋಗುವ ಇಬ್ಬರನ್ನು ಕರೆದು ಸಾಕ್ಷಿ ನಿಲ್ಲಿಸಿದ: “ನೋಡ್ರಿ, ನಾ ಒಲ್ಲೆ ಒಲ್ಲೆ ಅಂದೇನಿ, ಇವ್ರು ಒಯ್ಯಾಕತ್ತಾರ.”

ಚಕ್ಕಡಿಯ ಹಿಂದಕ್ಕೂ ಮುಂದಕ್ಕೂ ಚಾಚಿದ ತೊಲೆ, ಇಳಿಬಿದ್ದು ಗಾಳಿಗೆ ಆಡುವ ಬಿಳಿ ಬಟ್ಟೆ. ತಿಕೋಟಾದ ದಾರಿಯಲ್ಲಿ ಅದು ಹೋಗುವುದನ್ನು ಕಂಡು ಹೊಲದಲ್ಲಿದ್ದವರು ಕೆಲಸ ನಿಲ್ಲಿಸಿದರು. ಒಬ್ಬ ಮುದುಕಿ ಓಡಿ ಬಂದು ತೊಲೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, “ಯಾವ ದೇವರದಪ್ಪ ಇದು?” ಎಂದು ಕೇಳಿದಳು.

“ನನ್ನ ಹೆಂಡ್ತೀದು!” ಎಂದು ಗುರಲಿಂಗಪ್ಪ ಅರಚಿದ.

ಮುದುಕಿ ಇನ್ನೊಮ್ಮೆ ಕೈ ಮುಗಿದಳು.

ಅಮೀನಸಾಬನ ಮಾತು ನಿಜವೇ ಆಯಿತು. ಮನೆಯ ಪಡಸಾಲೆ ಎಂಟು ಮೊಳ, ಪಂಖಾ ಹದಿಮೂರು. ತೊಲೆ ಬಾಗಿಲಿನಿಂದ ಒಳಗೆ ಹೋಯಿತು, ಎದುರಿನ ಗೋಡೆಗೆ ಢಂ ಎಂದು ಬಡಿಯಿತು, ಉಳಿದ ಐದು ಮೊಳ ಓಣಿಯಲ್ಲಿ ನಿಂತಿತು. ಓಣಿಯ ಎಮ್ಮೆಯೊಂದು ಬಂದು ಅದಕ್ಕೆ ಮೈ ತಿಕ್ಕತೊಡಗಿತು. ನೆರೆದವರಲ್ಲಿ ಯಾರೋ, “ಗರಗಸ ತರ್ರಿ, ಐದು ಮೊಳ ಕೊಯ್ದು ಒಗೀರಿ” ಎಂದರು.

“ಸಾಹೇಬ್ರ ತಲಿ ಮ್ಯಾಲ ಆಡಿದ್ದಕ್ಕ ಗರಗಸ ಹಚ್ಚಲೇನು? ಯಾರಲೇ ಅಂದಾಂವ?”

ತೊಲೆ ಕೊಯ್ಯುವುದಿಲ್ಲ ಎಂದ ಮೇಲೆ ಉಳಿದದ್ದು ಗೋಡೆ. ಅದು ಮೂಡಣದ ಗೋಡೆ. ಅದರ ಆಚೆ ಪಿಂಜಾರ ರಸೂಲಸಾಬನ ಮನೆ. ಹತ್ತಿ ಹಿಂಜಿ ಗಾದಿ ಹೊಲಿಯುವ ಕಸುಬು ಅವನದು. ಬೆಳಗಾದರೆ ಅವನ ಹಿಂಜುವ ಬಿಲ್ಲಿನ ನಾದ ಗೋಡೆ ದಾಟಿ ಕೇಳುತ್ತಿತ್ತು.

“ಗ್ವಾಡಿ ನನ್ನದೂ ಹೌದಲ್ಲೋ ಗುರಲಿಂಗಣ್ಣ” ಎಂದ ರಸೂಲಸಾಬ.

“ನಾ ಏನ್ ಗ್ವಾಡಿ ಕೇಳಾಕತ್ತೇನೇನು? ತೂತು ಕೇಳಾಕತ್ತೇನಿ. ಐದು ಮೊಳ ಪಂಖಾ ನಿನ್ನ ಮನ್ಯಾಗ ಆಡ್ತೈತಿ, ಪುಕ್ಕಟೆ.”

“ನಾ ಹತ್ತಿ ಹಿಂಜಾಂವ. ನನಗ ಗಾಳಿ ಅಂದ್ರ ಪೀಡಾ.”

ಅವನ ಹೆಂಡತಿ ಆಶಾಬಿ ಒಳಗಿನಿಂದ ಹೇಳಿದಳು: “ಹತ್ತಿ ಮ್ಯಾಲ ಚಾದರ ಹೊಚ್ಚಿದ್ರಾತು. ಮುರಿಗೆವ್ವಕ್ಕ ಬರ್ಲಿ ಒಮ್ಮೆ. ಅಕಿ ಇಲ್ದ ನನಗ ಮಾತಾಡಾಕ ಈ ಹತ್ತಿ ಒಂದ ಉಳದೈತಿ.”

ಆದರೆ ಪಂಖಾ ತಾನಾಗಿ ಆಡುವುದಿಲ್ಲ, ಯಾರಾದರೂ ಕೂತು ಹಗ್ಗ ಎಳೆಯಬೇಕು. ಸೋಮವಾರ ಗುರಲಿಂಗಪ್ಪ ಮಾವನ ಸೇವೆಯಲ್ಲಿರಬೇಕಾದ್ದರಿಂದ ಎಳೆಯುವ ಕೆಲಸ ರಸೂಲಸಾಬನ ಪಾಲಿಗೆ ಬಂತು. ಅದು ಮುಯ್ಯಿಯ ಮೇಲೆ ಎಂದು ಇಬ್ಬರೂ ಕೈಗೆ ಕೈ ತಟ್ಟಿದರು. ಇವತ್ತು ನಾನು ನಿನ್ನ ಹೊಲದಲ್ಲಿ ಕಳೆ ತೆಗೆದರೆ ನಾಳೆ ನೀನು ನನ್ನ ಹೊಲದಲ್ಲಿ ಕಳೆ ತೆಗೆಯುವುದು, ಅದು ಈ ಸೀಮೆಯ ಮುಯ್ಯಿ. ಕಳೆಗೆ ಕಳೆಯೇ, ರಾಶಿಗೆ ರಾಶಿಯೇ ತೀರಬೇಕು. ಕಾಳು ಅಳೆದು ಕೊಟ್ಟು ತೀರಿಸಹೋದರೆ ಅದು ಕೂಲಿಯಾಗುತ್ತದೆ, ಮುಯ್ಯಿ ಮಾಡಿದವನಿಗೆ ಕೂಲಿ ತೋರಿಸಿದರೆ ಮುಖಕ್ಕೆ ಉಗಿದ ಹಾಗೆ. ಹಾಗಾಗಿ ರಸೂಲಸಾಬ ಒಂದು ಮಧ್ಯಾಹ್ನ ಎಳೆಯಬೇಕು, ಆಮೇಲೆ ಗುರಲಿಂಗಪ್ಪ ಅವನಿಗೆ ಒಂದು ಮಧ್ಯಾಹ್ನ ಎಳೆದುಕೊಡಬೇಕು.

ಗೋಡೆ ಒಡೆದರು. ಪಂಖಾ ಹಾಯಲು ಮೇಲೆ ಒಂದು ಕಿಂಡಿ ಸಾಕಾಗಿತ್ತು. ಆದರೆ ಗುರಲಿಂಗಪ್ಪ ಹಾರೆ ಹಿಡಿದ ಕೈಯಲ್ಲೇ ಮಾವನ ಮಾತನ್ನು ನೆನೆಸಿಕೊಂಡ. ನೆನಪು ಮುಗಿಯುವ ಹೊತ್ತಿಗೆ ಮೇಲಿನಿಂದ ನೆಲದವರೆಗೆ ಒಂದು ಎಮ್ಮೆ ಹಾಯುವಷ್ಟು ಗೋಡೆ ಕಲ್ಲು ಕಲ್ಲಾಗಿ ಕಳಚಿ ಬಿದ್ದಿತ್ತು. ಮಾಳಿಗೆಯ ಭಾರ ತೊಲೆಗಳ ಮೇಲಿದ್ದ ಕಾರಣ ಯಾರ ತಲೆಯೂ ಒಡೆಯಲಿಲ್ಲ. ಎರಡೂ ಮನೆಯ ಮಾಳಿಗೆಯ ತೊಲೆಗಳಿಗೆ ಪಂಖಾ ತೂಗುಹಾಕಿ, ಹಗ್ಗವನ್ನು ರಸೂಲಸಾಬನ ಮನೆಯ ಮೂಲೆಗೆ ಎಳೆದುಕೊಂಡರು.

ಸೋಮವಾರ ಭಾಗಪ್ಪ ಮಗಳೊಂದಿಗೆ ಬಂದಿಳಿದ. ಗುರಲಿಂಗಪ್ಪ ಓಣಿಯ ತಾಯವ್ವನ ಕಾಲು ಹಿಡಿದು ಶೇಂಗಾ ಹೋಳಿಗೆ ಮಾಡಿಸಿದ್ದ. ಹೋಳಿಗೆಯ ಮೇಲೆ ತುಪ್ಪ ಸುರಿದರೆ ಎಂಥವನಿಗೂ ಕಣ್ಣು ಎಳೆಯುತ್ತದೆ ಎಂಬುದು ಅವನ ಲೆಕ್ಕಾಚಾರ. ಮುರಿಗೆವ್ವ ಗಂಟನ್ನು ಬಿಚ್ಚದೆ ಬಾಗಿಲ ಹತ್ತಿರವೇ ಇಟ್ಟುಕೊಂಡು ಕೂತಳು. ಗುರಲಿಂಗಪ್ಪ ಬಡಿಸುವಾಗ ನೋಡಿದ್ದು ಮಾವನ ಎಲೆಯನ್ನಲ್ಲ, ಆ ಗಂಟನ್ನು.

“ರಸೂಲಾ, ಹೂಂ!” ಎಂದು ಕೂಗಿದ.

ಆಚೆ ಮನೆಯ ಮೂಲೆಯಲ್ಲಿ ಕೂತ ರಸೂಲಸಾಬ ಹಗ್ಗ ಜಗ್ಗಿದ. ಹದಿಮೂರು ಮೊಳದ ಪಂಖಾ ನರಳಿ, ಅಲುಗಿ, ಒಮ್ಮೆ ಬೀಸಿತು. ಎರಡನೆಯ ಬೀಸಿಗೆ ಯಾರದೋ ಮದುವೆಯ ಗಾದಿಗಾಗಿ ಹಿಂಜಿಟ್ಟ ಹತ್ತಿಯ ಮೇಲಿನ ಚಾದರ ಎದ್ದು ಆಶಾಬಿಯ ತಲೆಯ ಮೇಲೆ ಬಂತು. ಮೂರನೆಯ ಬೀಸಿಗೆ ಹತ್ತಿಯೇ ಎದ್ದಿತು. ಎರಡೂ ಮನೆಗಳಲ್ಲಿ ಬೆಳ್ಳಗೆ ಹತ್ತಿ ತೇಲಿತು. ಹೋಳಿಗೆಯ ಮೇಲೆ ಇಳಿಯಿತು, ಭಾಗಪ್ಪನ ತುಪ್ಪ ಹತ್ತಿದ ಮೀಸೆಗೆ ಅಂಟಿತು.

ಭಾಗಪ್ಪ ಕೈಯಲ್ಲಿದ್ದ ತುತ್ತು ನೋಡಿದ. “ಅಳ್ಯಾರ, ಇದೇನಿದು?”

“ಹತ್ತಿ, ಮಾವಾರ.”

“ಹೂರಣದಾಗ ಹಾಕೀರೇನು?”

“ಇಲ್ರಿ. ಮ್ಯಾಲಿಂದ ಬಂತು.”

“ಮ್ಯಾಲಿಂದ ಮಳಿ ಬರೂದು ಕಂಡೇನಿ. ಹತ್ತಿ ಬರೂದು ಇವತ್ತ ಕಂಡೆ.”

ಅಷ್ಟಕ್ಕೇ ಮುಗಿಯಲಿಲ್ಲ. ಪಂಖಾ ಮಾಳಿಗೆಯ ಕೆಳಗೆ ಕಟ್ಟಿಕೊಂಡಿದ್ದ ಧಗೆಯನ್ನೆಲ್ಲ ಮೊಗೆಮೊಗೆದು ಕೆಳಗೆ ಸುರಿಯಿತು. ಭಾಗಪ್ಪ ಉಂಡು ಮಲಗಿದವನು ಬೆವರಿದ, ಮಗ್ಗುಲು ಬದಲಿಸಿದ, ಎದ್ದು ಕೂತ, ಮತ್ತೆ ಮಲಗಿದ. ಮುರಿಗೆವ್ವ ಗಂಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಅದನ್ನು ಕಂಡ ಗುರಲಿಂಗಪ್ಪ ಒಡೆದ ಗೋಡೆಯ ಹತ್ತಿರ ಓಡಿದ. ಕಡಲೆ ಸೀದುಹೋಗುವಾಗಲೂ ಅವನು ಹಾಗೆ ಓಡಿದವನಲ್ಲ. “ಜೋರ ಎಳಿಯೋ ರಸೂಲಾ!” ಎಂದ. ರಸೂಲಸಾಬ ಜೋರಾಗಿ ಎಳೆದಷ್ಟೂ ಭಾಗಪ್ಪ ಜೋರಾಗಿ ಹೊರಳಿದ. ಹೊರಳುತ್ತ ಚಾಪೆ ಎಳೆದುಕೊಂಡು, ಇನ್ನಷ್ಟು ಎಳೆದುಕೊಂಡು, ಒಡೆದ ಗೋಡೆಯ ಕಡೆ ಸರಿದ. ಕಡೆಗೆ ಬಿದ್ದ ಗೋಡೆಯ ಗುರುತಿನ ಮೇಲೆ ಅಡ್ಡಾದ. ತಲೆ ರಸೂಲಸಾಬನ ಮನೆಯಲ್ಲಿ, ಕಾಲು ಗುರಲಿಂಗಪ್ಪನ ಮನೆಯಲ್ಲಿ.

ಗೊರಕೆ ಎದ್ದಿತು.

ಯಾರೂ ಅಲುಗಲಿಲ್ಲ. ಗುರಲಿಂಗಪ್ಪ ಉಸಿರನ್ನೂ ಮೆಲ್ಲಗೆ ಬಿಟ್ಟ. ನೆರಳು ಓಣಿಯ ಆಚೆ ಬದಿ ಮುಟ್ಟಿದಾಗ ಭಾಗಪ್ಪ ಎದ್ದು, ಬಾಯಿಯಲ್ಲಿದ್ದ ಹತ್ತಿ ಉಗುಳಿ, ಅತ್ತಿತ್ತ ನೋಡಿದ.

“ನಿದ್ದಿ ಹತ್ತಿತ್ತು, ಮಾವಾರ!” ಎಂದು ಗುರಲಿಂಗಪ್ಪ ಎಗರಿ ಬಂದ.

“ಹತ್ತಿತ್ತು. ಸುಳ್ಳ್ಯಾಕ ಹೇಳ್ಲಿ? ಆದ್ರ ನಿಮ್ಮ ಮನ್ಯಾಗ ಅಲ್ಲ, ಪಿಂಜಾರ್ರ ಮನ್ಯಾಗ ಹತ್ತಿತ್ತು.”

“ಕಾಲು ನಮ್ಮ ಮನ್ಯಾಗ ಇದ್ದುವು!”

“ನಿದ್ದಿ ಕಾಲಿಗೆ ಬರ್ತೈತೋ ತಲಿಗೆ ಬರ್ತೈತೋ?”

“ಗೊರಕಿ ನಮ್ಮ ಮನ್ಯಾಗ ಕೇಳಸ್ತು!”

“ನಮ್ಮ ಮನ್ಯಾಗೂ ಕೇಳಸ್ತು” ಎಂದ ರಸೂ­ಲಸಾಬ.

“ಇಡೀ ಓಣಿಗೆ ಕೇಳೈತಿ” ಎಂದಳು ಆಶಾಬಿ, ಕೂದಲಿನ ಹತ್ತಿ ಹೆಕ್ಕುತ್ತ. “ಹಂಗಾರ ಮುರಿಗೆವ್ವಕ್ಕ ಯಾರ್‍ಯಾರ ಮನ್ಯಾಗ ಇರಬೇಕು?”

“ಗಾಳಿ ಯಾರದು? ಪಂಖಾ ನನ್ನದು, ಗಾಳಿ ನನ್ನದು” ಎಂದು ಗುರಲಿಂಗಪ್ಪ ಎದೆ ಬಡಿದುಕೊಂಡ.

“ಪಂಖಾ ನಿಂತು ಬಾಳ ಹೊತ್ತಾತ್ರಿ” ಎಂದಳು ಮುರಿಗೆವ್ವ.

ಎಲ್ಲರೂ ಮೇಲೆ ನೋಡಿದರು. ಪಂಖಾ ಕದಲದೆ ಜೋತುಬಿದ್ದಿತ್ತು. ರಸೂಲಸಾಬ ತಲೆ ಕೆರೆದುಕೊಂಡ. ಹಾರಿದ ಹತ್ತಿ ಹಿಡಿಯಲೆಂದು ಅವನು ಹಗ್ಗ ಬಿಟ್ಟು ಎದ್ದಿದ್ದ, ಅವನು ಎದ್ದ ಮೇಲೆಯೇ ಗೊರಕೆ ಶುರುವಾಗಿತ್ತು.

ಮುರಿಗೆವ್ವ ಎದ್ದು ಬಂದು ನೆಲದ ಮೇಲಿನ ಒಂದು ಎಳೆ ಹತ್ತಿ ಹೆಕ್ಕಿ, ಗೋಡೆ ಒಡೆದ ಜಾಗದಲ್ಲಿ ಕೈ ಎತ್ತಿ ಬಿಟ್ಟಳು. ಹತ್ತಿ ಕೆಳಗೆ ಬೀಳಲಿಲ್ಲ. ಯಾರೋ ಕರೆದ ಹಾಗೆ ಸುಮ್ಮನೆ ತೇಲುತ್ತ ರಸೂಲಸಾಬನ ಪಡಸಾಲೆ ದಾಟಿ, ಅವನ ಹಿತ್ತಲಂಗಳದ ಬೇವಿನ ಗಿಡದ ಕಡೆ ಹೋಯಿತು. ಇನ್ನೊಂದು ಬಿಟ್ಟಳು. ಅದೂ ಹೋಯಿತು.

“ನೋಡ್ರಿ. ನಮ್ಮ ಬಾಗಲದಾಗಿಂದ ಗಾಳಿ ಬಂದು ಹಿಂಗ ಹಾದು ಹೊಂಟೈತಿ. ಇಷ್ಟ ದಿವಸ ಅದಕ್ಕ ಹೋಗಾಕ ಹಾದಿ ಇದ್ದಿದ್ದಿಲ್ಲ.” ಅವಳು ಗಂಡನ ಕಡೆ ತಿರುಗಿದಳು. “ನಿಮ್ಮ ಭಟ್ಟಿ ಕಟ್ಟೂ ಮುಂದ ಹೊಗಿಕಿಂಡಿ ಯಾಕ ಇಟ್ರಿ?”

“ಇಡ್ಲಿಲ್ಲಂದ್ರ ಒಳಗ ಮನಷ್ಯಾ ಸಾಯ್ತಾನ.”

“ಭಟ್ಟಿಗೆ ಇಟ್ಟೀರಿ. ನನಗ ಇಟ್ಟಿದ್ದಿಲ್ಲ.”

ಗುರಲಿಂಗಪ್ಪ ಬಗ್ಗಿ ಒಂದು ಎಳೆ ಹತ್ತಿ ಹೆಕ್ಕಿ, ತಾನೂ ಕೈ ಎತ್ತಿ ಬಿಟ್ಟ. ಅದೂ ಬೇವಿನ ಗಿಡದ ಕಡೆಗೇ ಹೋಯಿತು.

ಭಾಗಪ್ಪ ಮೀಸೆ ಒರೆಸಿಕೊಂಡ. “ಒಂದ ಮಾತು ಹೇಳ್ತೇನಿ ಅಳ್ಯಾರ. ಎಂಟು ಮೊಳದ ಪಂಖಾ ತಂದಿದ್ರ ನೀವು ಗ್ವಾಡಿ ಒಡೀತಿದ್ದಿಲ್ಲ. ಗ್ವಾಡಿ ಒಡೀಲಿಲ್ಲಂದ್ರ ನನಗ ನಿದ್ದಿ ಹತ್ತತಿದ್ದಿಲ್ಲ.”

“ಅದಕ್ಕ ಅಲ್ರಿ ಮತ್ತ ನಾ ಹದಿಮೂರು ಮೊಳದ್ದು ತಂದಿದ್ದು!” ಗುರಲಿಂಗಪ್ಪ ಎದೆ ಉಬ್ಬಿಸಿದ. “ಅಳತಿ ಬರೋಬ್ಬರಿ ನೋಡೇ ತಂದೇನಿ.”

ಮುರಿಗೆವ್ವ ಗಂಟು ಬಿಚ್ಚಿ ಸೀರೆಗಳನ್ನು ಗೂಟಕ್ಕೆ ಹಾಕಿದಳು. “ಈ ಗ್ವಾಡಿ ಮತ್ತ ಕಟ್ಟಿದ ದಿವಸ ನಾ ಬಬಲೇಶ್ವರಕ್ಕ ಹೊಂಟೆ ಅಂತ ತಿಳಕೋರಿ” ಎಂದಳು. ಗೋಡೆ ಕಟ್ಟುವ ಮಾತನ್ನು ಆ ಮೇಲೆ ಎರಡೂ ಮನೆಯವರು ಎತ್ತಲಿಲ್ಲ. ಆಶಾಬಿ ಒಂದು ಪರದೆ ಹೊಲಿದು ಕಟ್ಟಿದಳು. ಹಗಲೆಲ್ಲ ಅದು ಒಂದು ಬದಿಗೆ ಸರಿದೇ ಇರುತ್ತಿತ್ತು, ಅದರ ಹತ್ತಿರ ಇಬ್ಬರೂ ಹೆಂಗಸರು ಕೂತು ಇಡೀ ಓಣಿಯನ್ನು ಆಡಿಕೊಳ್ಳುತ್ತಿದ್ದರು.

ಹೀಗೆ ಎಲ್ಲ ಸರಿಹೋಯಿತು, ಮುಯ್ಯಿಯೊಂದು ಬಿಟ್ಟು.

ಮಂಗಳವಾರ ಮಧ್ಯಾಹ್ನ ರಸೂಲಸಾಬ ಬಂದು, “ನಿನ್ನೆ ನಾ ಎಳದೆ. ಇವತ್ತ ನೀ ಎಳಿ” ಎಂದ.

“ಪಂಖಾ ಯಾರಿಗೆ ಬೇಕಾಗೈತಿ ಈಗ?”

“ಬೇಕೋ ಬ್ಯಾಡೋ, ಮುಯ್ಯಿ ಮುಯ್ಯಿ.”

ಮಾತಿಗೆ ಸಿಕ್ಕ ಗುರಲಿಂಗಪ್ಪ ಹಗ್ಗ ಹಿಡಿದು ಕೂತ. ಎರಡು ಸಲ ಜಗ್ಗುವಷ್ಟರಲ್ಲಿ ಧಗೆ ಇಳಿಯಿತು, ಹತ್ತಿ ಎದ್ದಿತು, ಹೆಂಗಸರು ಎರಡೂ ಕಡೆಯಿಂದ ಕೂಗಿ ಹಗ್ಗ ಕಸಿದುಕೊಂಡರು. ಇನ್ನೊಂದು ದಿನ ಕದ್ದು ಎಳೆಯಲು ಹೋದ, ಆಶಾಬಿ ನೀರು ಎರಚಿದಳು. ಬೇಸತ್ತು ಒಂದು ಸೇರು ಪುಠಾಣಿ ಕಟ್ಟಿಕೊಂಡು ಹೋದ. ರಸೂಲಸಾಬ ಗಂಟನ್ನು ಮುಟ್ಟದೆ, “ಕೂಲಿ ಕೊಡಾಕ ಬಂದೀಯೇನು ನನಗ?” ಎಂದು ಕೇಳಿದ. ಆ ಧ್ವನಿ ಕೇಳಿ ಗುರಲಿಂಗಪ್ಪ ಗಂಟು ಹೊತ್ತು ಹಿಂದೆ ಬಂದ. “ಅಲ್ಲಲೇ, ನೀ ಅರ್ಧಾಕ್ಕ ಬಿಟ್ಟು ಹತ್ತಿ ಹಿಡಿಯಾಕ ಹೋಗಿದ್ದಿ” ಎಂದು ಮರುದಿನ ಜಗಳ ತೆಗೆದ. “ಹಂಗಾರ ಅರ್ಧಾನ ಎಳಿ” ಎಂದ ರಸೂಲಸಾಬ. ಆ ಅರ್ಧವನ್ನು ತೀರಿಸಲು ಮಾಘದ ಚಳಿಯಲ್ಲಿ, ಹೆಂಗಸರು ಜಾತ್ರೆಗೆ ಹೋದ ದಿನ, ಬಾಗಿಲು ಹಾಕಿಕೊಂಡು ಮನಸ್ಸು ತುಂಬ ಎಳೆದುಕೊಟ್ಟ. ರಸೂಲಸಾಬನಿಗೆ ನೆಗಡಿ ಹತ್ತಿ ವಾರಗಟ್ಟಲೆ ಬಿಲ್ಲು ಹಿಡಿಯಲಾಗಲಿಲ್ಲ. ಚಳಿಯಲ್ಲಿ ಬೀಸಿದ್ದು ಮುಯ್ಯಿಯಲ್ಲ, ಹಗೆ ಎಂದು ಅವನು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಮುಂದೆ ಪಂಖಾದ ಬಟ್ಟೆಯಿಂದ ಹೆಂಗಸರು ಕೂಸುಗಳಿಗೆ ಕುಂಚಿಗೆ ಹೊಲಿದರು. ತೊಲೆಗೆ ಗೆದ್ದಲು ಹತ್ತಿತು. ಒಂದು ಮಳೆಗಾಲ ಅದನ್ನು ಇಳಿಸಿ, ಒಡೆದು, ಎರಡೂ ಮನೆಯ ಒಲೆಗಳಿಗೆ ಹಂಚಿಕೊಂಡರು. ಎಳೆಯಬೇಕೆಂದರೂ ಎಳೆಯಲು ಏನೂ ಉಳಿಯಲಿಲ್ಲ. ಆದರೂ ಪೇಟೆಯಲ್ಲಿ ಎದುರಾದಾಗಲೆಲ್ಲ ರಸೂಲಸಾಬ ನಿಲ್ಲುತ್ತಾನೆ.

“ಗುರಲಿಂಗಣ್ಣ, ನಂದೊಂದು ಮಧ್ಯಾಹ್ನ ನಿನ್ನ ಕಡೆ ಐತಿ.”

“ಎಲ್ಲಿ ಕಟ್ಟತಿ ಕಟ್ಟಲೇ, ಈಗಿಂದೀಗ ಎಳೀತೇನಿ!” ಎಂದು ಗುರಲಿಂಗಪ್ಪ ತೋಳು ಏರಿಸುತ್ತಾನೆ.

ಕಟ್ಟುವುದಕ್ಕೆ ಪಂಖಾ ಇಲ್ಲ. ರಸೂಲಸಾಬ ಬಿಟ್ಟುಕೊಡುವವನಲ್ಲ. ಆ ಮಧ್ಯಾಹ್ನದ ಮುಯ್ಯಿ ಇವತ್ತಿಗೂ ತೀರಿಲ್ಲ.